ಗಾಡಿ ಆಯಿಲ್ ಕುಡಿಯುತ್ತಿದೆ: ಸುರಿದು ಓಡಿಸುವುದೋ, ಸೀಲ್ ಬದಲಿಸುವುದೋ, ಇಂಜಿನ್ ಬಿಚ್ಚಿಸುವುದೋ?

ಕಳೆದ ವರ್ಷ ಮಳೆಗಾಲಕ್ಕೆ ಸ್ವಲ್ಪ ಮೊದಲು ಪೆರ್ಲದಿಂದ ಬದಿಯಡ್ಕಕ್ಕೆ ಬರುತ್ತಿದ್ದೆ. ಒಂದು ತಿರುವಿನಲ್ಲಿ ಡ್ಯಾಶ್‌ಬೋರ್ಡಿನ ಎಣ್ಣೆ ಗಿಂಡಿಯಂಥ ಕೆಂಪು ದೀಪ ಮಿಣುಕ್ ಎಂದು ಬೆಳಗಿ ಆರಿತು. ಮುಂದಿನ ತಿರುವಿನಲ್ಲಿ ಮತ್ತೊಮ್ಮೆ. ಬದಿಗೆ ನಿಲ್ಲಿಸಿ ಬಾನೆಟ್ ಎತ್ತಿ ಆಯಿಲ್ ಮಟ್ಟ ನೋಡುವ ಕಡ್ಡಿ, ಅಂದರೆ ಡಿಪ್‌ಸ್ಟಿಕ್ ಎಳೆದು ನೋಡಿದರೆ ಕಡ್ಡಿಯ ತುದಿ ಮಾತ್ರ ಒದ್ದೆ. ಕೆಳಗಿನ ಗೆರೆಯನ್ನೂ ಆಯಿಲ್ ಮುಟ್ಟಿರಲಿಲ್ಲ. ಸರ್ವಿಸ್ ಆಗಿ ಮೂರು ತಿಂಗಳೂ ಕಳೆದಿರಲಿಲ್ಲ.

ಆ ಕೆಂಪು ದೀಪ ಆಯಿಲಿನ ಮಟ್ಟವನ್ನು ಹೇಳುವುದಲ್ಲ, ಒತ್ತಡವನ್ನು ಹೇಳುವುದು. ತಿರುವಿನಲ್ಲಿ ಇದ್ದಷ್ಟು ಆಯಿಲ್ ಇಂಜಿನ್ನಿನ ಅಡಿಯಲ್ಲಿರುವ ಚೇಂಬರಿನ ಒಂದು ಬದಿಗೆ ವಾಲಿ ಪಂಪು ಗಾಳಿ ಎಳೆದಾಗ ಅದು ಬೆಳಗುತ್ತದೆ. ಅಷ್ಟರಲ್ಲಿ ಇಂಜಿನ್ ಅರ್ಧ ಹೊಟ್ಟೆಯಲ್ಲಿ ಓಡುತ್ತಿರುತ್ತದೆ. ದೀಪ ಬೆಳಗಿದ ಮೇಲೆ "ಮನೆ ಹತ್ತಿರವೇ ಇದೆ" ಎಂದು ಓಡಿಸಿದವರ ಬೇರಿಂಗ್ ಉಳಿಯುವುದಿಲ್ಲ. ದಯವಿಟ್ಟು ಅಲ್ಲೇ ನಿಲ್ಲಿಸಿ.

ನನ್ನದು ಒಂಬತ್ತು ವರ್ಷದ ಪೆಟ್ರೋಲ್ ಕಾರು. ಕೊಂಡಾಗ ಮೀಟರಿನಲ್ಲಿ ಬರೇ 46,000 ಕಿ.ಮೀ. ಮೊದಲ ಯಜಮಾನರು ಗಲ್ಫಿನಲ್ಲಿದ್ದವರು. ವರ್ಷಕ್ಕೊಮ್ಮೆ ರಜೆಯಲ್ಲಿ ಬಂದು ಒಂದು ತಿಂಗಳು ಓಡಿಸಿ, ಉಳಿದ ಹನ್ನೊಂದು ತಿಂಗಳು ಶೆಡ್ಡಿನಲ್ಲಿ ನಿಲ್ಲಿಸುತ್ತಿದ್ದರು. ನಮ್ಮ ಕಾಸರಗೋಡಿನಲ್ಲಿ ಇಂಥ ಗಾಡಿಗಳು ಬೇಕಾದಷ್ಟು ಸಿಗುತ್ತವೆ. "ಕಡಿಮೆ ಓಡಿದ ಗಾಡಿ" ಎಂದು ಹೆಚ್ಚು ಬೆಲೆ ಕೊಟ್ಟು ತರುತ್ತೇವೆ. ಆದರೆ ಸುಮ್ಮನೆ ನಿಂತ ಇಂಜಿನ್ನಿಗೂ ವಯಸ್ಸಾಗುತ್ತದೆ. ವಾಲ್ವಿನ ಬದಿಯಿಂದ ಆಯಿಲ್ ಇಳಿಯದಂತೆ ತಡೆಯುವ ವಾಲ್ವ್ ಸೀಲಿನ ರಬ್ಬರ್ ಬಿರುಸಾಗುತ್ತದೆ, ಹಳೆ ಆಯಿಲಿನ ಮಡ್ಡಿ ಪಿಸ್ಟನ್ನಿನ ಸುತ್ತ ಇರುವ ರಿಂಗುಗಳ ಸಂದಿಯಲ್ಲಿ ಕೂರುತ್ತದೆ. ಬೆಳಗ್ಗೆ ಅಂಗಡಿಗೆ, ಸಂಜೆ ದೇವಸ್ಥಾನಕ್ಕೆ ಎಂದು ಎರಡೆರಡು ಕಿಲೋಮೀಟರ್ ಓಡಿಸಿ ನಿಲ್ಲಿಸಿದ ಗಾಡಿಯದೂ ಹೆಚ್ಚುಕಡಿಮೆ ಇದೇ ಕತೆ, ಇಂಜಿನ್ ಸರಿಯಾಗಿ ಬಿಸಿಯಾಗುವುದೇ ಇಲ್ಲ.

ಮೊದಲು ತೋರಿಸಿದ ವರ್ಕ್‌ಶಾಪಿನಲ್ಲಿ ಸೈಲೆನ್ಸರಿನ ಬಾಯಿಗೆ ಬೆರಳು ಹಾಕಿ ಮಸಿ ನೋಡಿ, "ರಿಂಗ್ ಹೋಗಿದೆ, ಇಂಜಿನ್ ಕೆಲಸ ಮಾಡಿಸಬೇಕು" ಎಂದರು. ಮನಸ್ಸು ಒಪ್ಪದೆ ಕುಂಬಳೆ ಕಡೆಯ ಇನ್ನೊಬ್ಬ ಹಿರಿಯ ಮೇಸ್ತ್ರಿಯ ಹತ್ತಿರ ಹೋದೆ. ಅವರು ಬಾನೆಟ್ ಎತ್ತಲೇ ಇಲ್ಲ.

"ಎಷ್ಟು ಕಿಲೋಮೀಟರಿಗೆ ಎಷ್ಟು ಕುಡಿಯುತ್ತದೆ, ಮಾಷ್ಟ್ರೇ?"

"ಸರಿಯಾಗಿ ಗೊತ್ತಿಲ್ಲ, ಸುಮಾರು ಕುಡಿಯುತ್ತದೆ."

"ಪರೀಕ್ಷೆ ಮಾಡದೆ ಮಾರ್ಕು ಹಾಕ್ತೀರಾ ನೀವು? ಸಾವಿರ ಕಿಲೋಮೀಟರ್ ಓಡಿಸಿ ಲೆಕ್ಕ ತನ್ನಿ. ಆಮೇಲೆ ಮಾತಾಡುವ."

ಆ ಲೆಕ್ಕ ಇಲ್ಲದಿದ್ದರೆ ಮುಂದೆ ಹೇಳುವ ದಾರಿಗಳಲ್ಲಿ ಯಾವುದನ್ನು ಆರಿಸಿದರೂ ಕತ್ತಲಲ್ಲಿ ಕೈಯಾಡಿಸಿದ ಹಾಗೆ.

ಮೊದಲು ಅಳತೆ

ನಮ್ಮ ಕಡೆಯ ಮನೆಗಳಲ್ಲಿ ಸಮತಟ್ಟಾದ ಅಂಗಳವೇ ಅಪರೂಪ. ಇಳಿಜಾರಿನಲ್ಲಿ ನಿಂತ ಗಾಡಿಯ ಡಿಪ್‌ಸ್ಟಿಕ್ ಸುಳ್ಳು ಹೇಳುತ್ತದೆ. ನಾನು ಶಾಲೆಯ ಅಂಗಳದ ಒಂದೇ ಜಾಗವನ್ನು ಗುರುತು ಮಾಡಿಕೊಂಡೆ. ಗಾಡಿ ಅಲ್ಲೇ ನಿಲ್ಲಬೇಕು, ಇಂಜಿನ್ ಆಫ್ ಮಾಡಿ ಹತ್ತು ನಿಮಿಷ ಕಾಯಬೇಕು, ಕಡ್ಡಿ ಒರೆಸಿ ಮತ್ತೆ ಇಳಿಸಿ ನೋಡಬೇಕು. ಮೊದಲ ದಿನ ಮೇಲಿನ ಗೆರೆಗೆ ಸರಿಯಾಗಿ ತುಂಬಿಸಿ ಮೀಟರ್ ಬರೆದಿಟ್ಟೆ. ಆಮೇಲೆ ಕಡಿಮೆಯಾದಾಗೆಲ್ಲ ಮದ್ದಿನ 100 ಎಂಎಲ್ ಕುಪ್ಪಿಯಲ್ಲಿ ಅಳೆದು ಸುರಿದೆ. ಹೆಚ್ಚಿನ ಕಾರುಗಳಲ್ಲಿ ಕೆಳಗಿನ ಗೆರೆಯಿಂದ ಮೇಲಿನ ಗೆರೆಗೆ ಸುಮಾರು 1 ಲೀಟರ್ ಹಿಡಿಯುತ್ತದೆ, ಆದ್ದರಿಂದ ಅಂದಾಜೂ ಸಿಗುತ್ತದೆ.

1,000 ಕಿ.ಮೀ.ಗೆ ನನ್ನ ಗಾಡಿ ಕುಡಿದದ್ದು 650 ಎಂಎಲ್. 10,000 ಕಿ.ಮೀ.ಗೊಮ್ಮೆ ಸರ್ವಿಸ್ ಎಂದು ನಂಬಿ ಕಡ್ಡಿ ನೋಡದೆ ಕೂತಿದ್ದರೆ ಆ ಹೊತ್ತಿಗೆ ಆರೂವರೆ ಲೀಟರ್ ಬೇಕಿತ್ತು. ಇಂಜಿನ್ನಿನಲ್ಲಿ ಒಟ್ಟು ಹಿಡಿಯುವುದೇ ಮೂರು ಲೀಟರ್ ಚಿಲ್ಲರೆ!

ಎಷ್ಟು ಕುಡಿದರೆ ಹೆಚ್ಚು? ಕೆಲವು ಕಂಪೆನಿಗಳ ಕೈಪಿಡಿಯಲ್ಲಿ 1,000 ಕಿ.ಮೀ.ಗೆ 1 ಲೀಟರ್ ತನಕ ಸರಿ ಎಂದೇ ಬರೆದಿರುತ್ತದೆ. ಅದು ವಾರಂಟಿಯ ಲೆಕ್ಕ, ನಮ್ಮ ಜೇಬಿನದ್ದಲ್ಲ. ನನ್ನ ಲೆಕ್ಕ ಹೀಗೆ: 200 ಎಂಎಲ್ ಒಳಗಿದ್ದರೆ ತಲೆ ಕೆಡಿಸಿಕೊಳ್ಳಬೇಡಿ. 500ರ ತನಕ ಕಣ್ಣಿಟ್ಟಿರಿ. ಅದಕ್ಕಿಂತ ಮೇಲಾದರೆ ಕಾರಣ ಹುಡುಕಲೇಬೇಕು.

ಅಳೆಯುವಾಗ ಎರಡು ಕಡೆ ಮೋಸ ಹೋಗುತ್ತೇವೆ. ಸರ್ವಿಸಿನವರು ಮೇಲಿನ ಗೆರೆ ದಾಟಿ ತುಂಬಿಸಿದ್ದರೆ ಆ ಹೆಚ್ಚಿನದ್ದು ಇಂಜಿನ್ನಿನ ಒಳಗಿನ ಗಾಳಿ ಹೊರಬಿಡುವ ಬ್ರೀದರ್ ಪೈಪಿನ ಮೂಲಕ ಹೋಗಿ ಬೇಗ ಉರಿದುಹೋಗುತ್ತದೆ. ಅದು ರೋಗವಲ್ಲ. ಇನ್ನೊಂದು, ಬರೇ ಹತ್ತಿರದ ಓಡಾಟದಲ್ಲಿ ಉರಿಯದ ಪೆಟ್ರೋಲ್ ಆಯಿಲಿಗೆ ಇಳಿದು ಮಟ್ಟವನ್ನು ಹಿಡಿದು ನಿಲ್ಲಿಸುತ್ತದೆ. ಒಂದು ದಿನ ಮಂಗಳೂರಿಗೆ ಹೋಗಿಬಂದ ಕೂಡಲೇ ಬಿಸಿಗೆ ಆ ಪೆಟ್ರೋಲ್ ಆರಿ, ಆಯಿಲ್ ಒಮ್ಮೆಲೇ ಇಳಿದಂತೆ ಕಾಣುತ್ತದೆ.

ಸೋರುವುದೋ, ಉರಿಯುವುದೋ?

ಇಂಜಿನ್ ಬಿಚ್ಚುವ ಮಾತಿಗೆ ಮೊದಲು ಇದನ್ನು ತೀರ್ಮಾನಿಸಿ. ಮುರಕಲ್ಲಿನ ಕೆಂಪು ಅಂಗಳದಲ್ಲಿ ಬಿದ್ದ ಆಯಿಲ್ ಹನಿ ಹುಡಿಯಲ್ಲಿ ಇಂಗಿ ಕಣ್ಣಿಗೇ ಕಾಣುವುದಿಲ್ಲ. "ನಮ್ಮ ಅಂಗಳದಲ್ಲಿ ಒಂದು ಹನಿಯೂ ಇಲ್ಲ" ಎಂದು ನಾನೂ ಹೇಳಿಕೊಂಡಿದ್ದೆ. ಮೇಸ್ತ್ರಿ ಹೇಳಿದ ಉಪಾಯ ಮನೆಯಲ್ಲೇ ಇತ್ತು. ತೋಟದಿಂದ ಅಗಲವಾದ ಎರಡು ಒಣ ಅಡಕೆ ಹಾಳೆ ತಂದು, ನುಣುಪಾದ ಬಿಳಿ ಬದಿ ಮೇಲೆ ಮಾಡಿ, ರಾತ್ರಿ ಇಂಜಿನ್ನಿನ ಅಡಿಗೆ ಒತ್ತಾಗಿ ಇಡುವುದು. ಬೆಳಗ್ಗೆ ಹನಿ ಬಿದ್ದಿದ್ದರೆ ಬಣ್ಣವೂ ತಿಳಿಯುತ್ತದೆ, ಜಾಗವೂ ತಿಳಿಯುತ್ತದೆ. ಬೆಲ್ಟ್ ಇರುವ ಬದಿಯಾದರೆ ಕ್ರ್ಯಾಂಕಿನ ಮುಂದಿನ ಸೀಲ್, ಇಂಜಿನ್ ಮತ್ತು ಗೇರ್‌ಬಾಕ್ಸ್ ಸೇರುವಲ್ಲಾದರೆ ಹಿಂದಿನ ಸೀಲ್, ಫಿಲ್ಟರಿನ ಕೆಳಗಾದರೆ ಫಿಲ್ಟರ್ ಅಥವಾ ಆಯಿಲ್ ಪ್ರೆಶರ್ ಸ್ವಿಚ್. ತೋಟದ ಕಚ್ಚಾ ದಾರಿಯಲ್ಲಿ ಕಲ್ಲು ತಾಗಿ ಚೇಂಬರ್ ಸೀಳಿದ ಗಾಡಿಗಳೂ ನಮ್ಮಲ್ಲಿ ಕಡಿಮೆಯಿಲ್ಲ.

ಓಡುವಾಗ ಮಾತ್ರ ಸೋರುವ ಆಯಿಲ್ ಹಾಳೆಯ ಮೇಲೆ ಬೀಳುವುದಿಲ್ಲ. ಇಂಜಿನ್ನಿನ ಮೇಲಿನ ಮುಚ್ಚಳದ (ಟ್ಯಾಪೆಟ್ ಕವರ್) ಗ್ಯಾಸ್ಕೆಟ್ ಹೋಗಿ, ಹೊಗೆ ಹೊರಹೋಗುವ ಬಿಸಿ ಮ್ಯಾನಿಫೋಲ್ಡಿನ ಮೇಲೆ ಒಸರಿದರೆ, ಗಾಡಿ ನಿಂತಾಗ ಸುಟ್ಟ ಎಣ್ಣೆಯ ವಾಸನೆ ಒಳಗೆ ಬರುತ್ತದೆ. ಇಂಜಿನ್ ಸ್ವಚ್ಛ ಮಾಡಿಸಿ, ಒಣಗಿದ ಮೇಲೆ ಸಂಶಯದ ಜಾಗಕ್ಕೆ ಪೌಡರ್ ಹಾಕಿ ಐವತ್ತು ಕಿಲೋಮೀಟರ್ ಓಡಿಸಿ ನೋಡಿದರೆ ಗೆರೆ ಎಲ್ಲಿಂದ ಇಳಿದಿದೆ ಎಂದು ಕಾಣುತ್ತದೆ. ಜೂನಿನಿಂದ ಸೆಪ್ಟೆಂಬರ್ ತನಕ ಈ ಪರೀಕ್ಷೆಗೆ ಹೊರಡಬೇಡಿ, ರಸ್ತೆಯ ನೀರೇ ಎಲ್ಲ ತೊಳೆದುಬಿಡುತ್ತದೆ.

ಸೋರಿಕೆ ಇಲ್ಲ ಎಂದಾದರೆ ಆಯಿಲ್ ಒಳಗೆ ಉರಿಯುತ್ತಿದೆ. ಆಗ ಹೊಗೆ ನೋಡಬೇಕು. ರಾತ್ರಿಯಿಡೀ ನಿಂತ ಗಾಡಿ ಬೆಳಗ್ಗೆ ಸ್ಟಾರ್ಟ್ ಮಾಡಿದ ಕೂಡಲೇ ಒಂದು ಉಂಡೆ ನೀಲಿ ಹೊಗೆ ಬಿಟ್ಟು ಆಮೇಲೆ ಶುದ್ಧವಾದರೆ ಅದು ವಾಲ್ವ್ ಸೀಲ್. ರಾತ್ರಿ ಹನಿಹನಿಯಾಗಿ ಇಳಿದದ್ದು ಬೆಳಗ್ಗೆ ಉರಿಯುತ್ತದೆ. ಇಳಿಜಾರಿನಲ್ಲಿ ಗೇರಿನಲ್ಲೇ ಕಾಲೆತ್ತಿ ಬಂದು, ಕೆಳಗೆ ಮುಟ್ಟಿ ಆಕ್ಸಿಲರೇಟರ್ ಒತ್ತಿದಾಗ ನೀಲಿ ಹೊಗೆ ಬಂದರೂ ಸಂಶಯ ವಾಲ್ವ್ ಸೀಲ್ ಮತ್ತು ವಾಲ್ವ್ ಜಾರುವ ಕೊಳವೆಗಳಾದ ಗೈಡುಗಳ ಮೇಲೆಯೇ. ಏರಿನಲ್ಲಿ ಭಾರ ಎಳೆಯುವಾಗ ಒಂದೇ ಸಮನೆ ನೀಲಿ ಹೊಗೆ ಬಂದರೆ ರಿಂಗು. ಕಪ್ಪು ಹೊಗೆ ಇಂಧನ ಹೆಚ್ಚಾದದ್ದು. ಬಿಸಿಯಾದ ಮೇಲೂ ನಿಲ್ಲದ ಬಿಳಿ ಹೊಗೆ ಕೂಲಂಟಿನದು. ಹೊಗೆ ಏನೂ ಕಾಣದೆಯೂ ಆಯಿಲ್ ಕುಡಿಯುವ ಗಾಡಿಗಳಿವೆ, ಸೈಲೆನ್ಸರ್ ದಾರಿಯಲ್ಲಿ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಸ್ವಲ್ಪಮಟ್ಟಿಗೆ ಅದನ್ನು ಮುಚ್ಚಿಡುತ್ತದೆ. ಆದರೆ ಆಯಿಲಿನಲ್ಲಿರುವ ರಂಜಕ ಆ ಕನ್ವರ್ಟರನ್ನೇ ಮೆಲ್ಲಮೆಲ್ಲನೆ ಕೊಲ್ಲುತ್ತದೆ.

ಅಗ್ಗದ ಅಪರಾಧಿ

ಎಲ್ಲರೂ ಹಾರಿ ದಾಟುವ ಒಂದು ಸಣ್ಣ ಸಾಮಾನಿದೆ: ಪಿಸಿವಿ ವಾಲ್ವ್. ರಿಂಗುಗಳನ್ನು ದಾಟಿ ಕೆಳಗೆ ಬಂದ ಗ್ಯಾಸನ್ನು ಮತ್ತೆ ಇಂಟೇಕಿಗೆ (ಇಂಜಿನ್ ಗಾಳಿ ಎಳೆಯುವ ದಾರಿಗೆ) ಕಳಿಸುವುದು ಇದರ ಕೆಲಸ. ಇದು ಕಟ್ಟಿಕೊಂಡರೆ ಒಳಗೆ ಒತ್ತಡ ಏರಿ ಸೀಲುಗಳಿಂದ ಆಯಿಲ್ ಒಸರುತ್ತದೆ. ತೆರೆದೇ ಉಳಿದರೆ ಅಥವಾ ಒಳಗಿನ ಪೊರೆ ಹರಿದರೆ ಇಂಜಿನ್ ತನ್ನ ಆಯಿಲನ್ನು ತಾನೇ ಎಳೆದು ಉರಿಸುತ್ತದೆ. ಪೆಟ್ರೋಲ್ ಗಾಡಿಯಲ್ಲಿ ನೋಡುವ ಬಗೆ ಸುಲಭ. ಇಂಜಿನ್ ಮೆಲ್ಲಗೆ ಓಡುತ್ತಿರುವಾಗ ಆಯಿಲ್ ತುಂಬಿಸುವ ಮುಚ್ಚಳ ತೆಗೆದು ಆ ಬಾಯಿಗೆ ತೆಳು ಪ್ಲಾಸ್ಟಿಕ್ ಹಾಳೆ ಹಿಡಿಯಿರಿ. ಮೆಲ್ಲಗೆ ಒಳಗೆ ಎಳೆದುಕೊಂಡರೆ ಒಳ್ಳೆಯದು. ಹೊರಗೆ ಉಬ್ಬಿಸಿ ದೂಡಿದರೆ ಪಿಸಿವಿ ಕಟ್ಟಿದೆ, ಇಲ್ಲವೇ ರಿಂಗುಗಳಿಂದ ಗ್ಯಾಸ್ ಹೆಚ್ಚು ಬರುತ್ತಿದೆ. ಮುಚ್ಚಳವನ್ನೇ ತೆಗೆಯಲಾಗದಷ್ಟು ಜೋರಾಗಿ ಎಳೆದರೆ ಪೊರೆ ಹರಿದಿದೆ. ಏರ್ ಫಿಲ್ಟರ್ ಪೆಟ್ಟಿಗೆಯೊಳಗೆ ಆಯಿಲ್ ನಿಂತಿದ್ದರೂ ಪಿಸಿವಿಯನ್ನು ಸಂಶಯಿಸಿ.

ನನ್ನ ಗಾಡಿಯಲ್ಲಿ ಪಿಸಿವಿ ವಾಲ್ವನ್ನು ಕಿವಿಯ ಹತ್ತಿರ ಹಿಡಿದು ಕುಲುಕಿ ನೋಡಿ ಎಂದು ಮೇಸ್ತ್ರಿ ಕೈಗೆ ಕೊಟ್ಟರು. ಹೊಸದು ಟಿಕ್ ಟಿಕ್ ಎನ್ನುತ್ತಿತ್ತು, ಹಳೆಯದರಲ್ಲಿ ಸದ್ದೇ ಇಲ್ಲ, ಒಳಗೆ ಮಡ್ಡಿ ಗಟ್ಟಿಯಾಗಿತ್ತು. ಅದಕ್ಕೆ ಸೇರಿದ ಹೋಸ್ ಬಗ್ಗಿಸಿದರೆ ಒಣ ಕಡ್ಡಿಯ ಹಾಗೆ ಮುರಿಯಿತು. ಎರಡನ್ನೂ ಬದಲಿಸಿ ಮತ್ತೆ 1,000 ಕಿ.ಮೀ. ಓಡಿಸಿದೆ. 650 ಇದ್ದದ್ದು 300ಕ್ಕೆ ಇಳಿಯಿತು. ರಿಂಗ್ ಹೋಗಿದೆ ಎಂದು ಇಂಜಿನ್ ಬಿಚ್ಚಿಸಿದ್ದರೆ ಈ ಹೋಸ್ ಹಾಗೆಯೇ ಉಳಿಯುತ್ತಿತ್ತೋ ಏನೋ ಎಂದು ಈಗಲೂ ಮೈ ಜುಮ್ಮೆನ್ನುತ್ತದೆ.

ಇನ್ನು ಆಯ್ಕೆ

ಸುರಿಯುತ್ತಾ ಓಡಿಸುವುದು. ಇದನ್ನು ಹೀನಾಯವಾಗಿ ನೋಡುವವರಿದ್ದಾರೆ, ನಾನು ಒಪ್ಪುವುದಿಲ್ಲ. 1,000 ಕಿ.ಮೀ.ಗೆ 300–400 ಎಂಎಲ್ ಕುಡಿಯುವ, ತಿಂಗಳಿಗೆ ಐನೂರು ಕಿಲೋಮೀಟರ್ ಓಡುವ ಗಾಡಿಗೆ ವರ್ಷಕ್ಕೆ ಬೇಕಾಗುವುದು ಎರಡು ಎರಡೂವರೆ ಲೀಟರ್. ಅಷ್ಟಕ್ಕೆ ಇಂಜಿನ್ ಬಿಚ್ಚಿಸುವುದರಲ್ಲಿ ಅರ್ಥವಿಲ್ಲ. 15 ವರ್ಷದ ಆರ್‌ಸಿ ಅವಧಿ ಮುಗಿಯಲು ಒಂದೆರಡು ವರ್ಷ ಮಾತ್ರ ಉಳಿದಿದ್ದರೆ ನನ್ನ ಮತ ಇದಕ್ಕೇ. ಷರತ್ತು ಒಂದೇ: ಪ್ರತಿ ಸಲ ಪೆಟ್ರೋಲ್ ಹಾಕಿಸುವಾಗ ಕಡ್ಡಿ ನೋಡಬೇಕು. ಮನೆಯಲ್ಲಿ ಗಾಡಿ ಓಡಿಸುವ ಎಲ್ಲರಿಗೂ ಅದು ಗೊತ್ತಿರಬೇಕು. ಮಗಳು ಕಾಲೇಜಿಗೆ ಒಯ್ಯುವ ಗಾಡಿಯಾದರೆ ಅವಳಿಗೂ ಕಲಿಸಿ.

ದಪ್ಪ ಆಯಿಲ್ ಹಾಕುವುದು. ವರ್ಕ್‌ಶಾಪುಗಳಲ್ಲಿ ಬೇಗ ಬರುವ ಸಲಹೆ ಇದು. ಆಯಿಲ್ ಡಬ್ಬಿಯ ಮೇಲಿನ ಅಂಕೆ ಅದರ ದಪ್ಪ ಹೇಳುತ್ತದೆ, ಕೊನೆಯ ಅಂಕೆ ಹೆಚ್ಚಿದಷ್ಟೂ ಬಿಸಿಯಲ್ಲಿ ದಪ್ಪ. ಕೈಪಿಡಿಯ ಪಟ್ಟಿಯಲ್ಲಿ 5ಡಬ್ಲ್ಯೂ-30ರ ಜೊತೆ 5ಡಬ್ಲ್ಯೂ-40 ಅಥವಾ 10ಡಬ್ಲ್ಯೂ-40 ಕೂಡ ಇದ್ದರೆ ಧಾರಾಳವಾಗಿ ಹಾಕಿ. ನಮ್ಮ ಕರಾವಳಿಯ ಸೆಕೆಯಲ್ಲಿ ಚಳಿಯ ಸ್ಟಾರ್ಟಿಂಗಿನ ತೊಂದರೆಯಿಲ್ಲ, ಸ್ವಲ್ಪ ಕಡಿಮೆಯಾಗಲೂಬಹುದು. ಆದರೆ 0ಡಬ್ಲ್ಯೂ-20 ಬೇಡುವ ಇಂಜಿನ್ನಿಗೆ 20ಡಬ್ಲ್ಯೂ-50 ಸುರಿದರೆ ಸಣ್ಣ ದಾರಿಗಳಲ್ಲಿ ಆಯಿಲ್ ಬೇಗ ಮುಟ್ಟುವುದಿಲ್ಲ, ಆಯಿಲಿನ ಒತ್ತಡದಲ್ಲೇ ಕೆಲಸ ಮಾಡುವ ವಾಲ್ವ್ ಟೈಮಿಂಗ್ ತಪ್ಪುತ್ತದೆ. ಮಾರುವ ಮುಂಚೆ ಹೊಗೆ ಅಡಗಿಸಲು ಇದನ್ನು ಮಾಡುವವರೂ ಇದ್ದಾರೆ. ಅದು ಅನ್ಯಾಯ.

ವಾಲ್ವ್ ಸೀಲ್. ಬೆಳಗಿನ ಹೊಗೆ ಇದ್ದು, ಕಂಪ್ರೆಶನ್ (ಸಿಲಿಂಡರಿನೊಳಗೆ ಗಾಳಿ ಒತ್ತಿದಾಗ ಬರುವ ಒತ್ತಡ) ಸರಿಯಿದ್ದರೆ ಖರ್ಚಿಗೆ ತಕ್ಕ ಫಲ ಸಿಗುವ ಕೆಲಸ ಇದೇ. ಸೀಲ್ ಎಂಬುದು ಬೆರಳ ತುದಿಯಷ್ಟು ಚಿಕ್ಕದು, ಹಣವೆಲ್ಲ ಕೂಲಿಗೆ. ಸ್ಪಾರ್ಕ್ ಪ್ಲಗ್ಗಿನ ತೂತಿನಿಂದ ಗಾಳಿ ಹಾಯಿಸಿ ವಾಲ್ವ್ ಕೆಳಗೆ ಬೀಳದಂತೆ ಹಿಡಿದು, ಹೆಡ್ (ಇಂಜಿನ್ನಿನ ಮೇಲ್ಭಾಗ) ಇಳಿಸದೆಯೇ ಬದಲಿಸುವ ಕ್ರಮವಿದೆ. ಆದರೂ ಹೆಚ್ಚಿನವರು ಹೆಡ್ ಇಳಿಸಿಯೇ ಮಾಡುತ್ತಾರೆ. ಹಾಗೆ ಮಾಡುವುದಾದರೆ ಗೈಡುಗಳ ಸವೆತವನ್ನೂ ನೋಡಿಸಿ. ಸವೆದ ಗೈಡಿನ ಮೇಲೆ ಹೊಸ ಸೀಲ್ ಹೆಚ್ಚು ದಿನ ಬಾಳುವುದಿಲ್ಲ. ನಾನು ಸೀಲ್ ಹಾಕಿಸಿದ ಮೇಲೆ 300 ಇದ್ದದ್ದು 100ರ ಹತ್ತಿರ ಬಂತು. ಅಲ್ಲಿಗೇ ನಿಲ್ಲಿಸಿದೆ.

ರಿಂಗಿನ ಕೆಲಸ. ಇದಕ್ಕೆ ಒಪ್ಪುವ ಮೊದಲು ಕಂಪ್ರೆಶನ್ ಪರೀಕ್ಷೆಯ ಅಂಕೆಗಳನ್ನು ಕಾಗದದಲ್ಲಿ ಕೇಳಿ. ಆರೋಗ್ಯವಿರುವ ಪೆಟ್ರೋಲ್ ಇಂಜಿನ್ನಿನಲ್ಲಿ ಸಾಮಾನ್ಯವಾಗಿ 10ರಿಂದ 13 ಬಾರ್ ಇರುತ್ತದೆ, ಸಿಲಿಂಡರುಗಳ ನಡುವೆ ಹೆಚ್ಚು ಅಂತರ ಇರಬಾರದು. ಕಡಿಮೆ ಬಂದ ಸಿಲಿಂಡರಿಗೆ ಪ್ಲಗ್ಗಿನ ತೂತಿನಿಂದ ಒಂದು ಚಮಚ ಆಯಿಲ್ ಹಾಕಿ ಮತ್ತೆ ಅಳೆದಾಗ ಏರಿದರೆ ರಿಂಗು, ಏರದಿದ್ದರೆ ವಾಲ್ವ್ ಅಥವಾ ಹೆಡ್ ಗ್ಯಾಸ್ಕೆಟ್. ಇಲ್ಲೊಂದು ಸೂಕ್ಷ್ಮ ಇದೆ. ಪಿಸ್ಟನ್ನಿನ ಮೇಲಿನ ಎರಡು ರಿಂಗು ಗ್ಯಾಸ್ ಹಿಡಿಯುವುದು, ಮೂರನೆಯದ್ದು ಆಯಿಲ್ ಕೆರೆದು ಕೆಳಗೆ ಕಳಿಸುವುದು. ಮೂರನೆಯದ್ದು ಮಾತ್ರ ಮಡ್ಡಿಯಲ್ಲಿ ಅಂಟಿಕೊಂಡಿದ್ದರೆ ಕಂಪ್ರೆಶನ್ ಬಂಗಾರದ ಹಾಗೆ ಬರುತ್ತದೆ, ಆಯಿಲ್ ಮಾತ್ರ ಹೋಗುತ್ತಲೇ ಇರುತ್ತದೆ. ನಿಂತ ಗಾಡಿಗಳಲ್ಲಿ ಇದನ್ನು ಮೊದಲು ಸಂಶಯಿಸಿ. ಪ್ಲಗ್ ಬಿಚ್ಚಿ ನೋಡಿದರೆ ಯಾವ ಸಿಲಿಂಡರಿನದ್ದು ಕಪ್ಪಾಗಿ ಒದ್ದೆಯಾಗಿದೆ ಎಂದು ತಿಳಿಯುತ್ತದೆ.

ಅಂಟಿದ ರಿಂಗಿಗೆ ನಡುವಿನ ದಾರಿಯೂ ಒಂದಿದೆ: ಪ್ಲಗ್ಗಿನ ತೂತಿನಿಂದ ಕಾರ್ಬನ್ ಕರಗಿಸುವ ದ್ರಾವಣ ಹಾಕಿ ರಾತ್ರಿಯಿಡೀ ನೆನೆಸುವುದು. ಬೆಳಗ್ಗೆ ಪ್ಲಗ್ ಹಾಕದೆಯೇ ಇಂಜಿನ್ ತಿರುಗಿಸಿ ಉಳಿದದ್ದನ್ನು ಹೊರಹಾಕಬೇಕು. ಇಲ್ಲದಿದ್ದರೆ ದ್ರವ ತಡೆದು ಕನೆಕ್ಟಿಂಗ್ ರಾಡ್ ಬಗ್ಗುತ್ತದೆ. ಆಮೇಲೆ ಆಯಿಲ್ ಮತ್ತು ಫಿಲ್ಟರ್ ಬದಲಿಸಲೇಬೇಕು. ಎಲ್ಲ ಗಾಡಿಗೂ ಹಿಡಿಯುವ ಮದ್ದಲ್ಲ, ಆದರೆ ಬಿಚ್ಚುವ ಮೊದಲು ಒಮ್ಮೆ ನೋಡಬಹುದಾದದ್ದು. ಬಿಚ್ಚಿದರೆ ಮಾತ್ರ ಬರೇ ರಿಂಗ್ ಹಾಕಿ ಮುಚ್ಚಿಸಬೇಡಿ. ಬೋರ್ (ಸಿಲಿಂಡರಿನ ಒಳ ಅಗಲ) ಅಳೆಸಿ, ಹೋನಿಂಗ್ (ಒಳಗೋಡೆ ಉಜ್ಜುವುದು) ಮಾಡಿಸಿ, ಲೇತಿನವರು ರೀಬೋರ್ (ಕೊರೆದು ಅಗಲ ಮಾಡುವುದು) ಬೇಕೆಂದರೆ ಓವರ್‌ಸೈಜ್ ಪಿಸ್ಟನ್ನಿಗೂ ಸೇರಿಸಿ ಲೆಕ್ಕ ಹಾಕಿ. ಮೊದಲ ಎಸ್ಟಿಮೇಟ್ ಅಲ್ಲಿಗೆ ನಿಲ್ಲುವುದು ಅಪರೂಪ.

ಹಳೆ ಇಂಜಿನ್ ತಂದು ಕೂರಿಸುವುದು. ಗುಜರಿಯಲ್ಲಿ ಹಾಫ್ ಇಂಜಿನ್, ಫುಲ್ ಇಂಜಿನ್ ಸಿಗುತ್ತದೆ, ಕೆಲವೊಮ್ಮೆ ರಿಂಗಿನ ಕೆಲಸಕ್ಕಿಂತ ಅಗ್ಗಕ್ಕೂ ಸಿಗುತ್ತದೆ. ನಾನು ಹೆದರುವುದು ಕಾಗದಪತ್ರಕ್ಕೆ. ಇಂಜಿನ್ ನಂಬರ್ ಬದಲಾದರೆ ಆರ್‌ಟಿಒ ಅನುಮತಿ ಪಡೆದು ಆರ್‌ಸಿಯಲ್ಲಿ ಸೇರಿಸಬೇಕು. ಎಲ್ಲಿಂದ ಬಂದ ಇಂಜಿನ್ ಎಂಬುದಕ್ಕೆ ಬಿಲ್ ಬೇಕು. ಅದಿಲ್ಲದೆ ಅಪಘಾತವಾದ ದಿನ ಇನ್ಶೂರೆನ್ಸಿನವರೆದುರು ಏನೆಂದು ಹೇಳುತ್ತೀರಿ?

ಡೀಸೆಲ್ ಆದರೆ

ಡೀಸೆಲಿನಲ್ಲಿ ಇಂಜಿನ್ನಿಗೆ ಗಾಳಿ ಒತ್ತಿ ತುಂಬಿಸುವ ಟರ್ಬೊ ಎಂಬ ಇನ್ನೊಬ್ಬ ಆಸಾಮಿ ಇದ್ದಾನೆ. ಆ ಗಾಳಿ ತಣಿಸುವ ಇಂಟರ್‌ಕೂಲರಿಗೆ ಹೋಗುವ ಹೋಸ್ ಕಳಚಿ ನೋಡಿ. ತೆಳ್ಳಗೆ ಆಯಿಲ್ ಸವರಿದಂತಿದ್ದರೆ ಸಹಜ, ಬಗ್ಗಿಸಿದಾಗ ಸುರಿದರೆ ಟರ್ಬೊ ಸೀಲ್ ಅಥವಾ ಅದರಿಂದ ಆಯಿಲ್ ಹಿಂದೆ ಬರುವ ಪೈಪ್ ನೋಡಿಸಿ. ಇದನ್ನು ಮುಂದೂಡುವ ವಿಷಯವೇ ಅಲ್ಲ. ಟರ್ಬೊ ಪೂರ್ತಿ ಬಿಟ್ಟರೆ ಇಂಜಿನ್ ಆ ಆಯಿಲನ್ನೇ ಇಂಧನ ಮಾಡಿಕೊಂಡು, ಕೀ ತೆಗೆದರೂ ನಿಲ್ಲದೆ ಕಿರುಚುತ್ತಾ ಓಡಬಹುದು. ಮೇಲೆ ಹೇಳಿದ ಚಮಚ ಆಯಿಲಿನ ಪರೀಕ್ಷೆಯನ್ನು ಡೀಸೆಲಿಗೆ ಮಾಡಿಸಬೇಡಿ, ಅಲ್ಲಿ ಪಿಸ್ಟನ್ನಿನ ಮೇಲೆ ಅಷ್ಟು ಜಾಗವೇ ಇರುವುದಿಲ್ಲ. ಬಿಎಸ್6 ಡೀಸೆಲುಗಳಲ್ಲಿ ಉರಿದ ಆಯಿಲಿನ ಬೂದಿ, ಹೊಗೆಯ ಮಸಿ ಹಿಡಿಯುವ ಡಿಪಿಎಫ್ ಫಿಲ್ಟರಿನಲ್ಲಿ ತುಂಬುತ್ತದೆ. ಅದರ ಬೆಲೆ ಕೇಳಿದವರು ಸುರಿಯುತ್ತಾ ಓಡಿಸುವ ಆಯ್ಕೆಯನ್ನು ತಾವಾಗಿಯೇ ಕೈಬಿಡುತ್ತಾರೆ.

ಇನ್ನೂ ಕೊಂಡಿಲ್ಲದವರಿಗೆ

ಬೆಳಗ್ಗೆ ಬೇಗ, ಹೇಳಿದ ಹೊತ್ತಿಗಿಂತ ಅರ್ಧ ಗಂಟೆ ಮುಂಚೆ ಹೋಗಿ ಬಾನೆಟ್ ಮೇಲೆ ಕೈಯಿಡಿ. ಬೆಚ್ಚಗಿದ್ದರೆ "ನಾಳೆ ಬರ್ತೇವೆ" ಎಂದು ಹೇಳಿ ಬನ್ನಿ. ತಣ್ಣಗಿದ್ದರೆ ಒಬ್ಬರು ಸ್ಟಾರ್ಟ್ ಮಾಡುವಾಗ ಇನ್ನೊಬ್ಬರು ಸೈಲೆನ್ಸರಿನ ಹಿಂದೆ ನಿಲ್ಲಬೇಕು. ಕೆಎ 19ರ (ಮಂಗಳೂರು ನೋಂದಣಿ) ಗಾಡಿ ತಂದು ಕೆಎಲ್ 14 (ಕಾಸರಗೋಡು ನೋಂದಣಿ) ಮಾಡಿಸುವವರು ಎನ್‌ಒಸಿ, ಕೇರಳದ ತೆರಿಗೆ ಎಲ್ಲ ಮೊದಲೇ ಲೆಕ್ಕ ಹಾಕಿರುತ್ತಾರೆ. ಆಯಿಲ್ ಕುಡಿಯುವ ಸಂಶಯವಿದ್ದರೆ ವಾಲ್ವ್ ಸೀಲಿನ ಖರ್ಚನ್ನಲ್ಲ, ರಿಂಗಿನ ಖರ್ಚನ್ನೇ ಬೆಲೆಯಿಂದ ಕಳೆದು ಮಾತಾಡಿ. ಒಪ್ಪದಿದ್ದರೆ ಬಿಡಿ ಮಾರಾಯ್ರೇ, ಇನ್ನೊಂದು ಗಾಡಿ ಸಿಗುತ್ತದೆ.

ನೆರೆಮನೆಯ ಹುಡುಗ ದುಬೈಯಿಂದ ಈ ಸಲ ಬಂದವನು, "ಮಾಷ್ಟ್ರೇ, ಗಾಡಿ ಆಯಿಲ್ ಕುಡಿಯುತ್ತಾ ಇದೆ. ಇಂಜಿನ್ ಬಿಚ್ಚಿಸಲಾ, ಕೊಟ್ಟುಬಿಡಲಾ?" ಎಂದು ಕೇಳಿದ. ತೋಟದಿಂದ ಎರಡು ಹಾಳೆ ತಂದುಕೊಟ್ಟೆ. ಮೂರನೆಯ ದಿನ ಬೆಳಗ್ಗೆ ಬಿಳಿ ಹಾಳೆಯ ಮೇಲೆ ರೂಪಾಯಿ ನಾಣ್ಯದಷ್ಟು ಅಗಲದ ಎರಡು ಹನಿ, ಸರಿಯಾಗಿ ಫಿಲ್ಟರಿನ ಕೆಳಗೆ. ಬಿಚ್ಚಿದರೆ ಹಿಂದಿನ ಫಿಲ್ಟರಿನ ರಬ್ಬರ್ ವಾಷರ್ ಇಂಜಿನ್ನಿಗೇ ಅಂಟಿಕೊಂಡಿತ್ತು, ಅದರ ಮೇಲೆಯೇ ಹೊಸ ಫಿಲ್ಟರ್ ಬಿಗಿದಿದ್ದರು. ಅದನ್ನು ಸರಿಮಾಡಿ ಈಗ 300 ಕಿ.ಮೀ. ಓಡಿದೆ, ಕಡ್ಡಿಯಲ್ಲಿ ಆಯಿಲ್ ಇದ್ದಲ್ಲೇ ಇದೆ. ಸಾವಿರ ತುಂಬುವ ತನಕ ಮಾರುವ ಮಾತೆತ್ತಬೇಡ ಎಂದಿದ್ದೇನೆ.